ಖಾಲಿ ಡಬ್ಬಿಯ ರಾಯಭಾರ

ನಮ್ಮ ಅಡುಗೆಮನೆಯ ಎರಡನೆಯ ಹಲಗೆಯ ಮೇಲೆ, ಬೆಲ್ಲದ ಭರಣಿಗೂ ಹುಣಸೆಹಣ್ಣಿನ ಜಾಡಿಗೂ ನಡುವೆ ಒಂದು ಸ್ಟೀಲ್ ಡಬ್ಬಿ ಇದೆ. ದೊಡ್ಡದೇನಲ್ಲ, ಒಂದು ಸಣ್ಣ ಸಂಸಾರದ ಒಂದು ಹೊತ್ತಿನ ಪಲ್ಯ ಹಿಡಿದೀತು. ಮುಚ್ಚಳದ ಅಂಚಿನಲ್ಲೊಂದು ತಗ್ಗು, ಹೊಟ್ಟೆಯ ಮೇಲೆ ಚುಕ್ಕೆಚುಕ್ಕೆಯಾಗಿ ಕೊರೆದ ಹೆಸರು: ಜಯಮ್ಮ. ನಮ್ಮ ಮನೆಯಲ್ಲಿ ಜಯಮ್ಮ ಎನ್ನುವವರು ಯಾರೂ ಇಲ್ಲ. ಮನೆಗೆ ಬಂದ ನೆಂಟರು ಕಾಫಿಪುಡಿ ಹುಡುಕುತ್ತ ಕೈಗೆ ಸಿಕ್ಕ ಈ ಡಬ್ಬಿಯನ್ನು ತಿರುಗಿಸಿ ನೋಡಿ "ಇದ್ಯಾರ್ದು?" ಎಂದರೆ, ನಾನು "ಪರದೇಶದ್ದು" ಎನ್ನುತ್ತೇನೆ. ಅವರು ನಗುತ್ತಾರೆ. ನಾನು ನಗುವುದಿಲ್ಲ.

ಆ ಪರದೇಶ ಇರುವುದು ನಮ್ಮ ಹಿತ್ತಲಿನ ಆಚೆಗೆ. ಜಯಲಕ್ಷ್ಮಿಪುರಂನ ಹಳೆಯ ಮನೆಗಳನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ರಸ್ತೆಯ ಮನೆಗಳ ಬೆನ್ನಿಗೆ ಇನ್ನೊಂದು ರಸ್ತೆಯ ಮನೆಗಳ ಬೆನ್ನು. ಎರಡು ಬೆನ್ನುಗಳ ನಡುವೆ ಕನ್ಸರ್ವೆನ್ಸಿ ಎಂಬ ಸಣ್ಣ ಗಲ್ಲಿ. ಒಂದು ಕಾಲದಲ್ಲಿ ಊರಿನ ಕೊಳೆಯನ್ನು ಊರಿನ ಕಣ್ಣಿಗೆ ಬೀಳದಂತೆ ಸಾಗಿಸುವುದಕ್ಕೆಂದು ಮಾಡಿದ್ದ ಗಲ್ಲಿ ಅದು. ಕಾಲ ಬದಲಾಯಿತು, ಗಲ್ಲಿಯ ಎರಡು ತುದಿಗಳನ್ನೂ ಯಾರೋ ಮುಚ್ಚಿಕೊಂಡರು, ನಡುವಿನ ತುಂಡು ಯಾರದೂ ಅಲ್ಲದ ನೆಲವಾಗಿ ಉಳಿಯಿತು. ಯಾರದೂ ಅಲ್ಲದ ನೆಲಕ್ಕಿರುವ ಆಕರ್ಷಣೆ ಸ್ವಂತ ನೆಲಕ್ಕೆಲ್ಲಿ? ನಮ್ಮ ಮೋಟುಗೋಡೆಯ ಮೇಲೆ ಬಾಗಿ ನಾವು ಕೈ ಚಾಚಿದರೆ, ಆ ಕಡೆಯ ಮೋಟುಗೋಡೆಯಿಂದ ಬಾಗಿದವರ ಕೈ ಸಿಗುತ್ತದೆ, ಅಷ್ಟೇ ಅಗಲ. ಆದರೆ ಅವರ ಮುಂಬಾಗಿಲಿಗೆ ಹೋಗಬೇಕೆಂದರೆ ನಮ್ಮ ರಸ್ತೆ ಮುಗಿಸಿ, ಮೂಲೆಯ ಔಷಧಿ ಅಂಗಡಿ ದಾಟಿ, ಇನ್ನೊಂದು ರಸ್ತೆ ಹಿಡಿಯಬೇಕು. ಒಗ್ಗರಣೆಯ ವಾಸನೆಗೆ ನೆರೆಹೊರೆ, ಅಂಚೆಯವನಿಗೆ ಬೇರೆ ಬೇರೆ ಊರು.

ನಮ್ಮ ದೇಶದ ಮುಖ್ಯಸ್ಥರು ನನ್ನ ಗಂಡ ಲೋಕೇಶ್. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮೇಲೆ ಲೋಕದ ಭಾರವನ್ನೆಲ್ಲ ಹೆಸರಿಗೆ ತಕ್ಕಂತೆ ಹೊತ್ತುಕೊಂಡವರು. ಆ ಕಡೆಯ ಮುಖ್ಯಸ್ಥರು ಪುಟ್ಟಸ್ವಾಮಿಗೌಡರು, ಜಯಮ್ಮನವರ ಯಜಮಾನರು. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಜೀವಮಾನವೆಲ್ಲ ದುಡಿದು, ಈಗಲೂ ಮೊದಲನೇ ಪಾಳಿಯ ಬಸ್ಸಿಗೆ ಹೊರಡುವವರಂತೆ ಕೋಳಿ ಕೂಗುವ ಮುಂಚೆ ಎದ್ದು, ಹೋಗಲು ಜಾಗವಿಲ್ಲದೆ ಹಿತ್ತಲಿನಲ್ಲಿ ಪಹರೆ ತಿರುಗುವವರು. ಇಬ್ಬರ ಹಿರಿಯರೂ ಹೊಲ ಉತ್ತವರು, ಬದುವಿನ ವ್ಯಾಜ್ಯ ಅರಗಿಸಿಕೊಂಡವರು. ಹೊಲ ಹೋಯಿತು, ಊರು ಹೋಯಿತು, ಬದುವಿನ ಹಸಿವು ಮಾತ್ರ ಪೇಟೆಯವರೆಗೂ ಬಂದಿತ್ತು. ಅದಕ್ಕೆ ಈ ಗಲ್ಲಿಯ ತುಂಡು ಆಹಾರವಾಯಿತು.

ಜಗಳ ಶುರುವಾದದ್ದು ಹೇಗೆಂದು ಕೇಳಬೇಡಿ. ನಮ್ಮವರು ಬಟ್ಟೆ ಒಗೆಯುವ ಕಲ್ಲನ್ನು ಒಂದು ಮೊಳ ಆಚೆಗೆ ಹಾಕಿಸಿದರೆಂದು ಅವರು ಹೇಳುತ್ತಾರೆ. ಅವರು ಬಚ್ಚಲ ನೀರನ್ನು ಮೊದಲು ಈ ಕಡೆ ತಿರುಗಿಸಿದರೆಂದು ಇವರು ಹೇಳುತ್ತಾರೆ. ನಾನು ದಿನಚರಿ ಬರೆಯುವವಳು. ಆ ದಿನ ಏನು ಬರೆದಿದ್ದೇನೆಂದು ತೆಗೆದು ನೋಡಿದೆ. "ಕಾಯಿಚಟ್ನಿ ಚೆನ್ನಾಗಿತ್ತು" ಎಂದಷ್ಟೇ ಇದೆ. ಇತಿಹಾಸದ ದೊಡ್ಡ ದಿನಗಳಲ್ಲಿ ಅದನ್ನು ಬರೆಯುವವರು ಚಟ್ನಿ ತಿನ್ನುತ್ತಿರುತ್ತಾರೆ ಎಂದು ಈಗ ಅನ್ನಿಸುತ್ತದೆ. ಅಂತೂ ಅಂದಿನಿಂದ ಇಬ್ಬರಿಗೂ ಮಾತಿಲ್ಲ. "ಅಳತೆ ಮಾಡುಸ್ತೀನಿ" ಎಂಬುದೊಂದೇ ಇಬ್ಬರೂ ಆಗಾಗ, ಗಾಳಿಗೆ ಹೇಳಿದಂತೆ, ಗೋಡೆಯಾಚೆಗೆ ಕೇಳುವಂತೆ ಹೇಳುವ ಮಾತು. ಇಷ್ಟು ವರ್ಷಗಳಲ್ಲಿ ಒಬ್ಬರೂ ಅಳತೆ ಮಾಡಿಸಿಲ್ಲ. ಅಳತೆಯಾದರೆ ಆ ನೆಲ ನಗರಪಾಲಿಕೆಯದೆಂದು ತೀರ್ಮಾನವಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತು. ದೊಡ್ಡ ದೇಶಗಳು ಅಣುಬಾಂಬು ಇಟ್ಟುಕೊಳ್ಳುವುದೂ ಹೀಗೆಯೇ ಎಂದು ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಪಾಠ ಮಾಡುವಾಗ ಹೇಳುವುದುಂಟು. ಅದು ಇಟ್ಟುಕೊಳ್ಳುವುದಕ್ಕೆ ಇರುವುದು, ಹಾಕುವುದಕ್ಕಲ್ಲ. ಮಕ್ಕಳು ಬರೆದುಕೊಳ್ಳುತ್ತಾರೆ. ಒಗೆಯುವ ಕಲ್ಲಿನ ವಿಷಯ ಅವರಿಗೆ ಹೇಳುವುದಿಲ್ಲ.

ಆ ನೆಲದಲ್ಲಿ ಒಂದು ಕರಿಬೇವಿನ ಗಿಡವಿದೆ. ಗಿಡವೆನ್ನುವುದು ಅಭ್ಯಾಸಬಲದಿಂದ, ಈಗ ಅದು ನಮ್ಮ ಕಿಟಕಿಯ ಸಜ್ಜದಷ್ಟು ಎತ್ತರದ ಮರ. ಅದನ್ನು ನೆಟ್ಟವರು ನನ್ನ ಅತ್ತೆ ಚಿಕ್ಕತಾಯಮ್ಮ. ನರಸೀಪುರದ ಕಡೆಯ ತಮ್ಮ ತವರಿನಿಂದ ಸಸಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಗಲ್ಲಿಯ ಮಣ್ಣು ಕೆದಕಿ ನೆಟ್ಟದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಹಸಿರು ಸೀರೆ. ಕೈತುಂಬ ಮಣ್ಣು. ಈ ಚಿತ್ರವನ್ನು ನಾನು ಬಹಳ ಕಾಲ ಸಾಕ್ಷ್ಯವಾಗಿ ಬಳಸಿದ್ದೇನೆ. ತೊಂದರೆ ಇಷ್ಟೇ: ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಆ ಗಿಡ ಆಗಲೇ ನನ್ನ ಭುಜದವರೆಗೆ ಬೆಳೆದಿತ್ತು. ಹಾಗಾದರೆ ನಾನು ಕಂಡದ್ದೇನು? ಅತ್ತೆ ಹೇಳಿದ ಕಥೆಗೆ ನನ್ನ ಮನಸ್ಸು ತೆಗೆದುಕೊಂಡ ಫೋಟೋ ಅದು. ಸೀರೆಯ ಬಣ್ಣವನ್ನೂ ಅದೇ ಹಚ್ಚಿರಬೇಕು. ಗೋಡೆಯಾಚೆ ಜಯಮ್ಮನವರ ಬಳಿಯೂ ಇಂಥದೇ ಕಥೆಯಿದೆ, ಅವರ ಸಸಿ ಅವರ ಅಜ್ಜಿಯ ಊರಿಂದ ಬಂದದ್ದು. ಅವರ ಮಗಳಿಗೂ ಎಲ್ಲ ಕಣ್ಣಿಗೆ ಕಟ್ಟಿದಂತಿದೆಯಂತೆ. ಎರಡು ದೇಶಗಳ ಪಠ್ಯಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದಿದವರಿಗೆ ಆಗುವ ಮುಜುಗರ ನನಗೆ ಹಿತ್ತಲಿನಲ್ಲಿಯೇ ಆಗುತ್ತದೆ.

ಆದರೆ ಅತ್ತೆಯೂ ಜಯಮ್ಮನವರೂ ಮಾತಾಡುವುದನ್ನು ನೀವು ಕೇಳಬೇಕಿತ್ತು. ಮನೆಯೊಳಗೆ "ನಮ್ ಗಿಡ" ಎನ್ನುವ ಅತ್ತೆ, ಗೋಡೆಯ ಬಳಿ ಹೋದೊಡನೆ "ಜಯಾ, ನಿಮ್ ಗಿಡುದಲ್ಲಿ ನಾಕು ಎಸ್ಳು ಕಿತ್ಕತೀನಿ ಕಣವ್ವ" ಎನ್ನುತ್ತಿದ್ದರು. ಅವರು ಆ ಕಡೆಯಿಂದ "ಅಯ್ಯೋ, ನಿಮ್ ಗಿಡ, ನನ್ನೇನ್ ಕೇಳಾದು, ಕಿತ್ಕಳಿ" ಎನ್ನುತ್ತಿದ್ದರು. ಒಬ್ಬರೂ ಹಕ್ಕು ಬಿಡಲಿಲ್ಲ, ಒಬ್ಬರೂ ಒಗ್ಗರಣೆ ಬಿಡಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ, ಗಂಡಸರು ಟಿ.ವಿ. ಮುಂದೆ ತೂಕಡಿಸುವ ಹೊತ್ತಿಗೆ, ಅತ್ತೆ ಮೆಲ್ಲಗೆ ಹಿಂಬಾಗಿಲಿಗೆ ಹೋಗಿ ಗೋಡೆಗೆ ಮೊಣಕೈ ಊರಿದರೆ ಬಿಸಿಲು ಇಳಿಯುವವರೆಗೆ ಮಾತು. ಕಣ್ಣಿಗೆ ಪೊರೆ ಬಂದು, ಕಾಲಿಗೆ ಊತ ಬಂದು, ಓಡಾಟ ನಿಂತಿದ್ದ ಅವರಿಗೆ ಆ ಗೋಡೆಯೇ ಪೇಟೆ, ಅದೇ ತವರು. ಊರಿನ ಭಾಷೆಯಲ್ಲಿ ಊರಿನ ಸುದ್ದಿ ಆಡಲು ನನ್ನಿಂದಾಗುತ್ತಿತ್ತೇ? ನಾನು ಪುಸ್ತಕದ ಕನ್ನಡದವಳು.

ಡಬ್ಬಿ ಓಡಾಡುತ್ತಿದ್ದದ್ದು ಆ ಹೊತ್ತಿನಲ್ಲೇ. ಅದರ ನಿಯಮ ನಿಮಗೂ ಗೊತ್ತಿರುವುದೇ: ನೆರೆಯವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಅವರು ಬಸ್ಸಾರು ಕೊಟ್ಟರೆ ನಾವು ಒಬ್ಬಟ್ಟು ಹಾಕಿ ಕಳಿಸಬೇಕು. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಬೇಕು. ಈ ನಿಯಮವನ್ನು ಮಾಡಿದ ಪುಣ್ಯಾತ್ಮರು ಯಾವ ವಿದೇಶಾಂಗ ಇಲಾಖೆಯಲ್ಲೂ ಕೆಲಸ ಮಾಡಿರಲಾರರು. ಏಕೆಂದರೆ ಇದರಲ್ಲಿ ಲೆಕ್ಕ ಎಂದಿಗೂ ಚುಕ್ತಾ ಆಗುವುದಿಲ್ಲ. ಯಾರಾದರೊಬ್ಬರು ಯಾವಾಗಲೂ ಇನ್ನೊಬ್ಬರ ಋಣದಲ್ಲಿರುತ್ತಾರೆ. ಗಂಡಸರಿಗೆ ಇದೆಲ್ಲ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಭಾನುವಾರದ ಕೋಳಿಸಾರು ನಮ್ಮ ಅಡುಗೆಮನೆಯದಲ್ಲವೆಂದು ನಮ್ಮವರ ನಾಲಿಗೆಗೆ ಮೊದಲ ತುತ್ತಿಗೇ ತಿಳಿಯುತ್ತಿತ್ತು. ಎಲ್ಲಿಂದ ಬಂತು ಎಂದು ಅವರು ಕೇಳುತ್ತಿರಲಿಲ್ಲ, ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ಅತ್ತೆ ಹುರಿದು ಕುಟ್ಟಿದ ಖಾರದ ಪುಡಿ ಆ ಮನೆಯ ಸಾರಿಗೆ ಹೋಗುತ್ತಿದ್ದದ್ದು ಗೌಡರಿಗೂ ಹೀಗೆಯೇ ಗೊತ್ತಿಲ್ಲದಷ್ಟು ಗೊತ್ತಿತ್ತು.

ಹೀಗೆ ವೈರವೂ ಸ್ನೇಹವೂ ಒಂದೇ ಗೋಡೆಯ ಮೇಲೆ ಒಣಗುತ್ತಿದ್ದ ಕಾಲದಲ್ಲಿ ಆ ಬೇಸಿಗೆ ಬಂತು. ದೂರದ ನಿಜವಾದ ಗಡಿಯಲ್ಲಿ ನಿಜವಾದ ಗುಂಡು ಹಾರಿ, ನಿಜವಾಗಿ ಜನ ಸತ್ತರು. ಅದರ ಬಗ್ಗೆ ತಮಾಷೆ ಮಾಡುವ ಧೈರ್ಯ ನನಗಿಲ್ಲ. ಆದರೆ ನಮ್ಮ ನಡುಮನೆಯ ಟಿ.ವಿ.ಯಲ್ಲಿ ಕೋಟು ತೊಟ್ಟವರು ಗಾಜಿನ ಮೇಜನ್ನು ಗುದ್ದಿ ಗುದ್ದಿ ಸಂಜೆಗೊಂದು ನಗರವನ್ನು ವಶಪಡಿಸಿಕೊಳ್ಳುತ್ತಿದ್ದರಲ್ಲ, ಅದನ್ನು ಕಂಡು ನಗದಿರುವುದೂ ಕಷ್ಟ. ಗೋಡೆಯಾಚೆಯ ಟಿ.ವಿ.ಯಲ್ಲೂ ಅದೇ ವಾಹಿನಿ. ಇವರು ಧ್ವನಿ ಏರಿಸಿದರೆ ಅವರೂ ಏರಿಸುತ್ತಿದ್ದರು. ಒಂದೇ ದೇಶದ ಇಬ್ಬರು ಪ್ರಜೆಗಳು ಒಂದೇ ಶತ್ರುವಿನ ಮೇಲಿನ ಒಂದೇ ಕೋಪವನ್ನು ಒಬ್ಬರ ಮೇಲೊಬ್ಬರು ಪ್ರಯೋಗಿಸುವುದು ಹೇಗೆಂದು ನೋಡಬೇಕಾದರೆ ನಮ್ಮ ಹಿತ್ತಲಿಗೆ ಬರಬೇಕಿತ್ತು. ಕ್ರಿಕೆಟ್‌ನಲ್ಲಿ ನಮ್ಮ ತಂಡ ಗೆದ್ದಾಗಲೂ ಅಷ್ಟೇ. ಇವರ ಪಟಾಕಿ ಆ ಗೋಡೆಯ ಕಡೆ, ಅವರ ಪಟಾಕಿ ಈ ಗೋಡೆಯ ಕಡೆ.

ಟಿ.ವಿ.ಯವರು ಒಂದು ಸಂಜೆ ವ್ಯಾಪಾರ ಬಂದ್, ದಾರಿ ಬಂದ್, ನೀರೂ ಬಂದ್ ಎಂದು ಸಾರಿದರು. ಮರುದಿನ ತಿಂಡಿಯ ಹೊತ್ತಿಗೆ ನಮ್ಮವರು ಉಪ್ಪಿಟ್ಟಿನಿಂದ ಕರಿಬೇವಿನ ಎಸಳೊಂದನ್ನು ಎತ್ತಿ ತಟ್ಟೆಯಂಚಿಗಿಟ್ಟು, "ಇನ್ಮೇಲೆ ಆ ಗಿಡದ್ದು ಒಂದೆಲೆ ಈ ಮನೆಗೆ ಬರಕೂಡ್ದು" ಎಂದರು.

"ನಮ್ ಗಿಡ ಅಂತೀಯ, ನಮ್ ಗಿಡದ್ದೇ ಬ್ಯಾಡ ಅಂತೀಯ?" ಎಂದರು ಅತ್ತೆ.

"ಅಮ್ಮ, ನಿಂಗೆ ಗೊತ್ತಾಗಲ್ಲ ಸುಮ್ನಿರು. ಇದು ತತ್ವದ ಪ್ರಶ್ನೆ. ಡಬ್ಬಿ ಗಿಬ್ಬಿ ಎಲ್ಲ ಬಂದ್. ಅವರ್ದೇನಾದ್ರೂ ಇಲ್ಲಿದ್ರೆ ಇವತ್ತೇ ವಾಪಸ್ ಕಳ್ಸಿ."

ಇತ್ತು. ಹಿಂದಿನ ದಿನವಷ್ಟೇ ಹುರುಳಿಕಾಳಿನ ಉಸಲಿ ಹೊತ್ತು ಬಂದಿದ್ದ ಡಬ್ಬಿ, ತೊಳೆದು ಬೋರಲು ಹಾಕಿದ್ದು, ಹಲಗೆಯ ಮೇಲೆ ಕುಳಿತಿತ್ತು. ಯುದ್ಧ ಘೋಷಣೆಯಾದಾಗ ಶತ್ರುದೇಶದಲ್ಲಿ ಸಿಕ್ಕಿಬಿದ್ದ ರಾಯಭಾರಿಯ ಹಾಗೆ.

"ಏನಾಕಿ ಕಳ್ಸನೋ?"

"ಏನೂ ಹಾಕ್ಬೇಡ. ಖಾಲಿ ಕಳ್ಸು."

ಅತ್ತೆ ತಟ್ಟೆಯನ್ನು ಮುಂದಕ್ಕೆ ದೂಡಿ, ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋದರು. ಖಾಲಿ ಡಬ್ಬಿ ಹೋದರೆ ಏನಾಗುತ್ತದೆಂದು ನಮ್ಮ ಮೂವರಿಗೂ ಗೊತ್ತಿತ್ತು. ನಿಮ್ಮ ಮನೆಯೊಂದಿಗೆ ನಮ್ಮದು ಮುಗಿಯಿತು ಎಂಬುದನ್ನು ನಮ್ಮ ಕಡೆ ಬಾಯಿಬಿಟ್ಟು ಹೇಳುವ ಕ್ರಮವಿಲ್ಲ. ಬರಿದಾದ ಪಾತ್ರೆ ಹೇಳುತ್ತದೆ. ಆಮೇಲೆ ಆ ಗೋಡೆಗೆ ಮೊಣಕೈ ಊರಲು ಅತ್ತೆ ಯಾವ ಮುಖ ಹೊತ್ತು ಹೋದಾರು?

ಇಲ್ಲಿ ನನ್ನ ಪ್ರವೇಶವಾಗುತ್ತದೆ. ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂ.ಎ. ಮಾಡಿದವಳು ಮನೆಯಲ್ಲಿದ್ದೂ ಸುಮ್ಮನಿದ್ದರೆ ವಿಶ್ವವಿದ್ಯಾನಿಲಯಕ್ಕೆ ಅವಮಾನವಲ್ಲವೇ? ಇಬ್ಬರ ಮಾನವೂ ಉಳಿಯುವ ಒಂದು ಸೂತ್ರ ಹುಡುಕಬೇಕಿತ್ತು. ಡಬ್ಬಿ ಖಾಲಿ ಇರಬಾರದು. ಅದರಲ್ಲಿ ತಿಂಡಿಯೂ ಇರಬಾರದು. ಇದ್ದೂ ಇಲ್ಲದಂಥ, ಇಲ್ಲವೆನ್ನಲಾಗದಂಥ ಒಂದು ಪದಾರ್ಥ ಬೇಕು. ನನ್ನ ಕಣ್ಣಿಗೆ ಉಪ್ಪಿನ ಜಾಡಿ ಬಿತ್ತು. ಉಪ್ಪು! ಎಷ್ಟು ಗಂಭೀರ, ಎಷ್ಟು ಅರ್ಥಗರ್ಭಿತ! ಉಪ್ಪುಂಡ ಮನೆ, ಉಪ್ಪಿನ ಋಣ. ಪ್ರೌಢಪ್ರಬಂಧದ ಕೊನೆಯ ಸಾಲು ಹೊಳೆದಾಗ ಆಗುವಂಥ ರೋಮಾಂಚವಾಯಿತು. ಒಂದು ಹಿಡಿ ಕಲ್ಲುಪ್ಪು ಹಾಕಿ, ಮುಚ್ಚಳ ಒತ್ತಿ, ಮಧ್ಯಾಹ್ನ ಗೋಡೆಯ ಬಳಿ ಹೋಗಿ, ಕಾದು ನಿಂತಿದ್ದ ಜಯಮ್ಮನವರ ಕೈಗೆ ಕೊಟ್ಟೆ.

ಜಯಮ್ಮ ಮುಚ್ಚಳ ತೆಗೆದು ನೋಡಿದರು. "ಅಯ್ಯೋ ಮೇಡಮ್ಮಾ, ಉಪ್ಪಾ? ಕೈಗಾ?"

ಆಗ ನೆನಪಾಯಿತು. ಉಪ್ಪನ್ನು ಯಾರೂ ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆ. ಕೆಳಗಿಡಬೇಕು, ಅವರು ಎತ್ತಿಕೊಳ್ಳಬೇಕು. ನಾನು ಹುಡುಗಿಯಾಗಿದ್ದಾಗ ಊಟದ ಪಂಕ್ತಿಯಲ್ಲಿ ಉಪ್ಪನ್ನು ತಂಗಿಯ ಕೈಗೆ ಕೊಡಹೋಗಿ ಅಮ್ಮನಿಂದ ಮೊಟಕಿಸಿಕೊಂಡ ಪಾಠವದು. ಎಂ.ಎ.ಯ ಪಾಠಗಳ ಕೆಳಗೆ ಸಿಕ್ಕಿ ಅದು ಉಸಿರುಗಟ್ಟಿತ್ತು. ಜಯಮ್ಮನವರ ಹಿಂದೆ ಪಹರೆಯಲ್ಲಿದ್ದ ಪುಟ್ಟಸ್ವಾಮಿಗೌಡರು ಇಣುಕಿ ನೋಡಿ ಇನ್ನೊಂದು ಅರ್ಥ ಹಚ್ಚಿದರು. "ನಮ್ಮುಪ್ಪು ತಿಂದಿದ್ದೀರಿ, ಜ್ಞಾಪ್ಕ ಇರ್ಲಿ ಅಂತ ಹೇಳ್ಕಳ್ಸವ್ರೆ ನೋಡು, ಓದ್ದೋರು!" ಎಂದರು, ನನಗೇ ಕೇಳುವಂತೆ, ಆದರೆ ಕರಿಬೇವಿನ ಗಿಡಕ್ಕೆ ಹೇಳಿದಂತೆ. ಆ ಕಡೆಯ ಹಿಂಬಾಗಿಲು ಮುಚ್ಚಿತು. ಅಗುಳಿ ಬಿದ್ದ ಸದ್ದು ಕೇಳಿಸಿತು.

ಅತ್ತೆಗೆ ಹೇಳಲೇಬೇಕಾಯಿತು. "ಉಪ್ಪ ಯಾರಾದ್ರೂ ಕೈಲಿ ಕೊಟ್ಟಾರೇನವ್ವ! ಅದ್ಕಿಂತ ಖಾಲೀನೇ ಕಳ್ಸಿದ್ರಾಯ್ತಿತ್ತಲ್ಲ!" ಎಂದು ಹಣೆ ಹಣೆ ಬಡಿದುಕೊಂಡರು. ನಮ್ಮವರು ಪತ್ರಿಕೆಯ ಹಿಂದಿನಿಂದ "ಒಳ್ಳೇದೇ ಆಯ್ತು" ಎಂದರು.

ಅಂದಿನಿಂದ ಹಿತ್ತಲಿನಲ್ಲಿ ಮೌನ. ಅತ್ತೆ ಮಧ್ಯಾಹ್ನ ಎಂದಿನಂತೆ ಹಿಂಬಾಗಿಲವರೆಗೆ ಹೋಗುತ್ತಿದ್ದರು, ಹೊಸಿಲಿನ ಮೇಲೆ ಕೂರುತ್ತಿದ್ದರು, ಆಚೆಯ ಅಗುಳಿಯ ಕಡೆ ಕಿವಿಯಿಟ್ಟು ಬಿಸಿಲು ಇಳಿದ ಮೇಲೆ ಎದ್ದು ಬರುತ್ತಿದ್ದರು. ಊಟದಲ್ಲಿ ಕೈ ಆಡಿಸಿ ಎದ್ದುಬಿಡುತ್ತಿದ್ದರು. "ಬಾಯಿ ರುಚೀನೇ ಕೆಟ್ಟೋಗದೆ ಬುಡವ್ವ" ಎಂದರೆ ಅದು ಸಾರಿನ ಮೇಲಿನ ಟೀಕೆಯಲ್ಲವೆಂದು ನನಗೆ ತಿಳಿಯುತ್ತಿತ್ತು. ಒಂದು ಮಧ್ಯಾಹ್ನ ಅವರು ಹೊಸಿಲ ಮೇಲೆ ಕುಳಿತು, ತವರೂರಿನ ಯಾವುದೋ ಮದುವೆಯ ಸುದ್ದಿಯನ್ನು ಮೆಲ್ಲನೆ, ಗೋಡೆಗೆ, ಪೂರ್ತಿ ಹೇಳಿ ಮುಗಿಸಿದ್ದನ್ನು ನಾನು ಅಡುಗೆಮನೆಯಿಂದ ಕೇಳಿದೆ.

ಈ ನಡುವೆ ಅರ್ಥಶಾಸ್ತ್ರ ತನ್ನ ದಾರಿಯನ್ನು ತಾನೇ ಕಂಡುಕೊಂಡಿತು. ಕೆಸರೆಯಿಂದ ತಳ್ಳುಗಾಡಿಯಲ್ಲಿ ಸೊಪ್ಪು ತರುವ ಮಹದೇವಮ್ಮ ಮೊದಲು ಅವರ ರಸ್ತೆಗೆ ಹೋಗಿ ಆಮೇಲೆ ನಮ್ಮ ರಸ್ತೆಗೆ ಬರುತ್ತಾಳೆ. ನಿರ್ಬಂಧ ಜಾರಿಯಾದ ಕೆಲವೇ ದಿನಗಳಲ್ಲಿ ಅವಳು ಕೊತ್ತಂಬರಿಯ ಜೊತೆಗೆ ಬಿಟ್ಟಿ ಕೊಡುವ ಕರಿಬೇವಿನ ಗುಣಮಟ್ಟ ಇದ್ದಕ್ಕಿದ್ದಂತೆ ಏರಿತು. ದಪ್ಪ ಎಲೆ, ಆಗಷ್ಟೇ ಮುರಿದ ತೊಟ್ಟಿನಿಂದ ಇನ್ನೂ ಹಸಿ. ನಮ್ಮವರು ಚಿತ್ರಾನ್ನದಲ್ಲಿ ಅದನ್ನು ಅಗಿದು, "ನೋಡ್ದ್ಯಾ? ಮಾರ್ಕೆಟ್ಟಿಂದು ಎಷ್ಟು ಘಮ್ ಅನ್ನತ್ತೆ! ಆ ಗಿಡದ್ದೂ ಒಂದು ಕರಿಬೇವಾ!" ಎಂದರು. ಅತ್ತೆ ಒಂದು ಎಸಳನ್ನು ಬೆರಳಲ್ಲಿ ಉಜ್ಜಿ ಮೂಸಿದರು. ಪೊರೆ ಬಂದ ಕಣ್ಣು, ಮೂಗಿಗೆ ಪೊರೆಯಿರಲಿಲ್ಲ. ನನ್ನ ಕಡೆ ತಿರುಗಿ, ಎಷ್ಟೋ ದಿನಗಳ ಮೇಲೆ, ತುಟಿಯಂಚಿನಲ್ಲಿ ನಕ್ಕರು. ಇಬ್ಬರು ವೈರಿಗಳ ಸರಕು ಮೂರನೆಯ ದೇಶದ ಬಂದರಿನಲ್ಲಿ ಚೀಟಿ ಬದಲಿಸಿಕೊಂಡು ಮನೆ ಸೇರುವುದನ್ನು ನಾನು ವರ್ಷವರ್ಷವೂ ಪಾಠ ಮಾಡಿದ್ದೆ. ಅದರ ವಾಸನೆ ಹೇಗಿರುತ್ತದೆಂದು ಗೊತ್ತಿರಲಿಲ್ಲ.

ಆಮೇಲೆ ದೂರದ ಗಡಿಯಲ್ಲಿ ಗುಂಡು ನಿಂತಿತು. ಟಿ.ವಿ.ಯವರು ಗಾಜಿನ ಮೇಜು ಒರೆಸಿ ಹವಾಮಾನದ ಸುದ್ದಿಗೆ ಹೋದರು. ಜಗಳ ಶುರುಮಾಡುವುದನ್ನು ಕಲಿಸಿದವರು ನಿಲ್ಲಿಸುವುದನ್ನು ಕಲಿಸದೆ ಹೋದದ್ದರಿಂದ ನಮ್ಮ ಹಿತ್ತಲಿನ ನಿರ್ಬಂಧ ಮಾತ್ರ, ತೆಗೆಯಲು ಮರೆತ ಚಪ್ಪರದಂತೆ, ನಿಂತೇ ಇತ್ತು. ನಮ್ಮವರಿಗೂ ಅದು ಬೇಕಿರಲಿಲ್ಲವೆಂದು ನನ್ನ ಊಹೆ. ಭಾನುವಾರದ ಊಟದ ಮುಂದೆ ಅವರು ಕೂರುತ್ತಿದ್ದ ರೀತಿಯೇ ಹೇಳುತ್ತಿತ್ತು. ಆದರೆ ಮೊದಲು ಇಳಿಯುವವರು ಯಾರು?

ಒಂದು ಬೆಳಿಗ್ಗೆ ಮಹದೇವಮ್ಮ ಗೇಟಿನ ಬಳಿ ನಿಂತು, ದಂಟಿನ ಸೊಪ್ಪಿನ ಕಂತೆ ಸರಿಸಿ, ಅದರಡಿಯಿಂದ ಡಬ್ಬಿ ತೆಗೆದುಕೊಟ್ಟಳು. ಅದೇ ತಗ್ಗು, ಅದೇ ಹೆಸರು. ಆತುರದಿಂದ ಮುಚ್ಚಳ ತೆಗೆದರೆ ಒಳಗೆ ಏನೂ ಇಲ್ಲ. ತೊಳೆದು ಒರೆಸಿದ, ಥಳಥಳಿಸುವ, ಏನೇನೂ ಇಲ್ಲದ ಡಬ್ಬಿ.

"ಯಾರು ಕೊಟ್ಟದ್ದು? ಜಯಮ್ಮನಾ?"

"ಇಲ್ಲ ಕಣ್ರಮ್ಮ, ಗೌಡ್ರೇ ಕೊಟ್ರು. ಅಂಗೇ ಮಕ ತಿರುಗುಸ್ಕಂಡು ಕೊಟ್ರು. ಇಂದ್ಗಡೆ ಮನೆಗ್ ಕೊಡು ಅಂದ್ರು, ಅಷ್ಟೇಯ. ನಾನೇನ್ ಕಾಣೆ."

ಒಳಗೆ ಸಭೆ ಸೇರಿತು. ನಮ್ಮವರು ಡಬ್ಬಿಯನ್ನು ಬೋರಲು ಹಿಡಿದು ಅಲ್ಲಾಡಿಸಿ, ಒಂದು ಕಾಳೂ ಬೀಳದ್ದನ್ನು ಖಚಿತಪಡಿಸಿಕೊಂಡು, "ನಾನು ಹೇಳ್ಲಿಲ್ವಾ? ಖಾಲಿ! ಬೇಕಂತ್ಲೇ ಕಳ್ಸಿದಾನೆ. ನಾವು ಉಪ್ಪಾದ್ರೂ ಹಾಕಿದ್ವಿ!" ಎಂದು ಅಡುಗೆಮನೆಯಿಡೀ ಓಡಾಡಿದರು. ನಾನೂ ಅದನ್ನೇ ಓದಿದೆ: ಸಂಬಂಧ ಮುಗಿಯಿತೆಂಬ ಅಂತಿಮ ಸೂಚನೆ, ಅದೂ ಮೂರನೆಯ ದೇಶದ ಮೂಲಕ, ಸೊಪ್ಪಿನಡಿ. ಅತ್ತೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಹೆಸರಿನ ಚುಕ್ಕೆಗಳ ಮೇಲೆ ಬೆರಳಾಡಿಸುತ್ತ, "ಬರಿದು ಮಾಡಿ ಕಳ್ಸ್ಬುಟ್ಲಾ ಜಯ" ಎಂದರು. ದನಿ ಅಷ್ಟು ಸಣ್ಣದಾಗಿತ್ತು. ಎಂದೂ ಯಾರ ಮುಂದೂ ಅಳದ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಮ್ಮವರ ಓಡಾಟ ನಿಂತಿತು.

ಆ ಸೆರಗು ನೋಡಿ ನನಗೆ ಓದಿದ್ದೆಲ್ಲ ಸಾಕೆನಿಸಿತು. ನಾನು ಕಳಿಸಿದ ಉಪ್ಪನ್ನು ಅವರು ಎರಡು ರೀತಿ ತಪ್ಪಾಗಿ ಓದಿದ್ದರು. ಅವರು ಕಳಿಸಿದ ಬರಿದನ್ನು ನಾವು ಸರಿಯಾಗಿ ಓದುತ್ತಿದ್ದೇವೆಂದು ಯಾರು ಹೇಳಿದರು? ಕೇಳಬಹುದಲ್ಲ. ಕೇಳುವುದು ಎಂಬುದೊಂದು ಉಪಾಯವೆಂದು ನಮ್ಮ ಪಠ್ಯದಲ್ಲೆಲ್ಲೂ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ನಮ್ಮ ರಸ್ತೆ ಮುಗಿಸಿ, ಔಷಧಿ ಅಂಗಡಿ ದಾಟಿ, ಆ ರಸ್ತೆ ಹಿಡಿದೆ. ಇಷ್ಟು ವರ್ಷ ಬೆನ್ನು ಮಾತ್ರ ಕಂಡಿದ್ದ ಮನೆಗೆ ಎಂಥ ಮುಖವಿದೆಯೆಂದು ಅವತ್ತು ಮೊದಲ ಸಲ ಕಂಡೆ. ನೀಲಿ ಗೇಟು, ತುಳಸಿಕಟ್ಟೆ, ಜಗಲಿಯ ಮೇಲೆ ಪತ್ರಿಕೆ ಹಿಡಿದ ಗೌಡರು.

"ಖಾಲಿ ಡಬ್ಬಿ ಕಳ್ಸಿದ್ರಲ್ಲ ಗೌಡ್ರೇ, ಅದರರ್ಥ ಏನು?" ಎಂದು ನಿಂತಲ್ಲೇ ಕೇಳಿಬಿಟ್ಟೆ.

ಗೌಡರು ಪತ್ರಿಕೆ ಮಡಿಸಿದರು. ಮತ್ತೆ ಬಿಚ್ಚಿದರು. "ಅರ್ಥ ಏನಮ್ಮ ಅರ್ಥ... ಡಬ್ಬಿಗೆಂಥ ಅರ್ಥ" ಎಂದು ಗೊಣಗಿ ಒಳಗಡೆ ತಿರುಗಿ, "ಲೇ, ಇವ್ಳೇ" ಎಂದರು.

ಒಳಗಿನಿಂದ ಜಯಮ್ಮನವರ ನಗು ಮೊದಲು ಬಂತು, ಆಮೇಲೆ ಅವರು. "ಮುಗ್ದೋಗದೆ ಕಣಮ್ಮ, ನಿಮ್ಮತ್ತೆ ಖಾರುದ್ ಪುಡಿ! ಅಂಗ್ಡಿ ಪುಡಿ ಹಾಕಿ ಮಾಡಿದ್ರೆ ಇವ್ರು ತಟ್ಟೆ ಮುಂದೆ ಮಕ ಊದುಸ್ಕಂಡು ಕೂರ್ತಾರೆ. ಹೋಗಿ ಕೇಳಿ ಅಂದ್ರೆ, ನಾ ಕೇಳಲ್ಲ ಅಂತಾರೆ. ನಾ ಕೇಳ್ತೀನಿ ಅಂದ್ರೆ, ನೀನೂ ಕೇಳ್ಬ್ಯಾಡ ಅಂತಾರೆ. ಕೊನೆಗೆ ಇವ್ರೇ ಡಬ್ಬಿ ತೊಳ್ದು ಕಳ್ಸವ್ರೆ!"

ಆಗ ನಾಚಿಕೆಯಾಯಿತು. ಇನ್ನೊಬ್ಬರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ಅವಮಾನ. ತಮ್ಮದೇ ಪಾತ್ರೆಯನ್ನು ಬರಿದಾಗಿ ಕಳಿಸುವುದು, ಹಾಕಿಕೊಡಿ ಎಂಬ ಬೇಡಿಕೆ. ಕಾಫಿಪುಡಿಗೆ ಬಟ್ಟಲು ಹಿಡಿದು ಬರುವ ಪಕ್ಕದ ಮನೆಯ ಮಗುವಿಗೂ ಇದು ಗೊತ್ತು. ಡಬ್ಬಿಯ ಮೇಲೆ ಅವರ ಹೆಸರೇ ಇತ್ತು. ಅಕ್ಷರ ಬಾರದ ಅತ್ತೆ ಅದನ್ನು ಬೆರಳಿನಿಂದ ಓದುತ್ತಲೇ ಇದ್ದರು, ನಾನು ಕಣ್ಣಾರೆ ನೋಡುತ್ತಿದ್ದೆ. ಇಬ್ಬರೂ ಅವಮಾನವನ್ನೇ ಓದಿದೆವು. ಅಕ್ಷರ ಬರುವುದೂ ಬಾರದಿರುವುದೂ ವೈರದ ಮುಂದೆ ಒಂದೇ.

"ಅಲ್ಲ," ಎಂದರು ಗೌಡರು, ಈಗ ಸ್ವಲ್ಪ ಧೈರ್ಯ ಬಂದು, "ಬರೀ ಉಪ್ಪು ಕೊಟ್ರೆ ಏನ್ಮಾಡನ ಹೇಳಿ? ಉಪ್ಪು ಕೊಟ್ಟೋರು ಖಾರನೂ ಕೊಡ್ಬೇಕಲ್ವ!"

ನಾನು ಸುದ್ದಿ ಹೊತ್ತು ಹಿಂದಿರುಗುವ ಹೊತ್ತಿಗೆ ಜಯಮ್ಮ ತಮ್ಮ ಮನೆಯೊಳಗಿಂದಲೇ ನನಗಿಂತ ಮೊದಲೇ ಹಿತ್ತಲು ತಲುಪಿ ಅಗುಳಿ ತೆಗೆದಾಗಿತ್ತು. ನಾನು ನಮ್ಮ ಗೇಟು ತೆರೆದಾಗ ಅತ್ತೆಯ ದನಿ ಹಿತ್ತಲಿನಿಂದ ಕೇಳುತ್ತಿತ್ತು. ಗೋಡೆಗೆ ಹೇಳಿ ಮುಗಿಸಿದ್ದ ಅದೇ ಮದುವೆಯ ಸುದ್ದಿ, ಮೊದಲಿಂದ. ಈ ಸಲ ಆ ಕಡೆಯಿಂದ "ಊ... ಆಮೇಲೆ?" ಎಂಬ ಉತ್ತರ ಬರುತ್ತಿತ್ತು. ನಡುವೆ ಒಮ್ಮೆ "ನಿಮ್ ಗಿಡ ಚಿಗುರ್ಬುಟ್ಟದೆ ಕಣವ್ವ" ಎಂಬ ಮಾತೂ, "ನಿಮ್ದೇ ತಾನೆ" ಎಂಬ ಮಾತೂ ಆದವು.

ಅಡುಗೆಮನೆಯಲ್ಲಿ ನಮ್ಮವರೊಬ್ಬರೇ ಇದ್ದರು, ನನಗೆ ಬೆನ್ನು ಮಾಡಿ. ಮುಂದೆ ಖಾರದ ಪುಡಿಯ ದೊಡ್ಡ ಭರಣಿ, ಪಕ್ಕದಲ್ಲಿ ಜಯಮ್ಮನವರ ಡಬ್ಬಿ. ತುಂಬಿಸಿ, ಸೌಟಿನ ಹಿಂಬದಿಯಿಂದ ಒತ್ತಿ, ಒತ್ತಿದಾಗ ಆದ ಜಾಗಕ್ಕೆ ಮತ್ತೆ ತುಂಬಿಸಿ, ಮತ್ತೆ ಒತ್ತುತ್ತಿದ್ದರು. ಸೀನು ಬಂದದ್ದರಿಂದ ಸಿಕ್ಕಿಬಿದ್ದರು. "ಅಮ್ಮ ತುಂಬುದ್ರು ಅಂತ ಹೇಳು," ಎಂದರು ಮೂಗು ಒರೆಸಿಕೊಳ್ಳುತ್ತ. "ಗಲ್ಲಿ ವಿಷ್ಯದಲ್ಲಿ ಏನೂ ಬದಲಾವಣೆ ಇಲ್ಲ. ಅಳತೆ ಮಾಡ್ಸೇ ಮಾಡುಸ್ತೀನಿ." ಹೇಳಿದ್ದು ನನಗೆ. ಕೇಳಬೇಕಾದವರಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು. ಗೋಡೆಯಾಚೆಯಿಂದ ಗಂಡು ಕೆಮ್ಮೊಂದು ಉತ್ತರ ಕೊಟ್ಟಿತು. ಎಲ್ಲವೂ ಯಥಾಸ್ಥಿತಿಗೆ ಬಂದಿತ್ತು.

ಡಬ್ಬಿ ಆಮೇಲೆ ಎಷ್ಟೋ ಸಲ ಗಡಿ ದಾಟಿದೆ. ಈಗ ನಮ್ಮ ಸರದಿ. ಹಲಗೆಯ ಮೇಲೆ ಕುಳಿತಿದೆ. ಇವತ್ತು ಒರೆಸುವಾಗ ಒಂದನ್ನು ಗಮನಿಸಿದೆ. ಎರಡು ಮನೆಗಳ ನಾರೂ ಇಷ್ಟು ವರ್ಷ ಉಜ್ಜಿ ಉಜ್ಜಿ, ಚುಕ್ಕೆಗಳ ಹೆಸರು ಸವೆಯುತ್ತಿದೆ. ಕೊನೆಯ ಅಕ್ಷರ ಆಗಲೇ ಹೋಗಿದೆ. ಓರೆಯಾಗಿ ಬೆಳಕಿಗೆ ಹಿಡಿದರೆ ಮಾತ್ರ ಉಳಿದದ್ದು ಕಾಣುತ್ತದೆ. ಇನ್ನು ಸ್ವಲ್ಪ ಕಾಲಕ್ಕೆ ಡಬ್ಬಿ ಪೂರ್ತಿ ನುಣ್ಣಗಾಗುತ್ತದೆ. ಆಗ ಇದು ಯಾರದೆಂಬ ವ್ಯಾಜ್ಯ ಹುಟ್ಟುವುದು ಖಂಡಿತ, ಸಾಕ್ಷಿಗೆ ನನ್ನನ್ನು ಕರೆಯುವುದೂ ಖಂಡಿತ. ನನ್ನ ನೆನಪಿನ ಬುದ್ಧಿ ನನಗೆ ಗೊತ್ತು. ಅತ್ತೆ ಇದನ್ನು ಅಂಗಡಿಯಲ್ಲಿ ಆರಿಸಿದ್ದು, ಹೆಸರು ಕೊರೆಯುವವನ ಯಂತ್ರ ಚಿರ್ರೆಂದದ್ದು, ಅವತ್ತು ಅತ್ತೆ ಹಸಿರು ಸೀರೆ ಉಟ್ಟಿದ್ದು, ಎಲ್ಲವನ್ನೂ ಕಣ್ಣಾರೆ ಕಂಡೆನೆಂದು ಆಣೆಯಿಟ್ಟು ಹೇಳಿಬಿಟ್ಟೇನು. ಅದಕ್ಕೇ, ಬುದ್ಧಿ ನೆಟ್ಟಗಿರುವಾಗಲೇ, ನಿಮ್ಮೆದುರು ಬರೆದಿಡುತ್ತಿದ್ದೇನೆ: ಈ ಡಬ್ಬಿ ಜಯಮ್ಮನವರದು. ಇದರಲ್ಲಿ ಯಾವ ಅನುಮಾನವೂ ಇಲ್ಲ.

ಗಿಡದ ವಿಷಯ ಬೇರೆ. ಗಿಡ ನಮ್ಮದೇ.